ಫ್ರೀಜರಿನಲ್ಲಿಟ್ಟ ಎಂಜಲು

ಆ ಬುಧವಾರ ನನಗೆ ವಾರದ ರಜೆ. ಮುಂಬಯಿ ಪಕ್ಕದ ಠಾಣೆಯ ರೈಲು ಸ್ಟೇಷನ್ನಿನ ಹತ್ತಿರದ ಹೋಟೆಲೊಂದರ ಗಲ್ಲಾದಲ್ಲಿ ಕೂರುವವನಿಗೆ ರಜೆಯೆಂದರೆ ಬೆಳಕು ಹರಿದ ಮೇಲೂ ಮಲಗಿರಬಹುದು, ಅಷ್ಟೆ. ನಾನು ಎದ್ದು ಹೊರಗೆ ಬರುವಾಗ ಡೊಂಬಿವಲಿಯ ನಮ್ಮ ಮನೆಯ ಹಾಲಿನಲ್ಲಿ ಹೆಂಡತಿ ಆಗಲೇ ಚಾಪೆ ಹಾಸಿ, ಅದರ ಮೇಲೆ ಒಗೆದ ಬಿಳಿ ಪಂಚೆ ಹಾಸಿ, ಯಾರದೋ ಮದುವೆಯ ಸೀರೆ ಹರಡಿಕೊಂಡು ಕುಳಿತಿದ್ದಳು. ಸೀರೆಗೆ ಫಾಲ್ ಹೊಲಿಯುವುದು ಅವಳ ಕೆಲಸ. ನಮ್ಮ ಕಟ್ಟಡದ ಕೆಳಗಿನ ಸೀರೆ ಅಂಗಡಿಯವನು ಮಿಷನ್ನಿಗೆ ಕೊಡಲು ಹೆದರುವ ರೇಷ್ಮೆ, ಪೈಠಣಿಗಳನ್ನೆಲ್ಲ ಅವಳಿಗೇ ಕಳಿಸುತ್ತಿದ್ದ. ಅವಳ ಹೊಲಿಗೆ ಸೀರೆಯ ಮೇಲ್ಮೈಗೆ ಕಾಣುತ್ತಿರಲಿಲ್ಲ. ಸೂಜಿ ಬಟ್ಟೆಯ ಒಂದೇ ಎಳೆಯನ್ನು ಎತ್ತಿಕೊಂಡು ಹಿಂತಿರುಗಬೇಕು, ಅದು ಕಣ್ಣಿಗೆ ಗೊತ್ತಾಗುವುದಿಲ್ಲ, ಬೆರಳ ತುದಿಗೆ ಗೊತ್ತಾಗುತ್ತದೆ ಎಂದು ಹೇಳುತ್ತಿದ್ದಳು.

ಅವಳ ಬಲಗಡೆ ಸಣ್ಣ ಹಿತ್ತಾಳೆ ಬಟ್ಟಲಿನಲ್ಲಿ ನೀರು ಇರುತ್ತಿತ್ತು. ಸೂಜಿಗೆ ದಾರ ಪೋಣಿಸುವಾಗ ಎಲ್ಲರೂ ದಾರದ ತುದಿಯನ್ನು ತುಟಿಗೆ ತಾಗಿಸಿ ಚೂಪು ಮಾಡಿಕೊಳ್ಳುತ್ತಾರೆ. ಅವಳು ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ. ಬಟ್ಟಲಿಗೆ ಅದ್ದಿ, ಎರಡು ಬೆರಳ ನಡುವೆ ಹೊಸೆದು ಪೋಣಿಸುತ್ತಿದ್ದಳು. ಈ ಸೀರೆ ಉಟ್ಟು ಒಬ್ಬಳು ಮುಹೂರ್ತಕ್ಕೆ ನಿಲ್ಲುತ್ತಾಳೆ, ಎಂಜಲು ದಾರದಲ್ಲಿ ಹೊಲಿದು ಕೊಡುವುದು ಹೇಗೆ ಎಂಬುದು ಅವಳ ಲೆಕ್ಕ. ಉಡುಪಿ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಎಂಜಲು ಮುಸುರೆಯ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಲೋಟವನ್ನು ಎತ್ತಿ ಹಿಡಿದು ತುಟಿ ತಾಗದ ಹಾಗೆ ನೀರು ಕುಡಿಯುವವಳು. ಸಾರಿನ ಉಪ್ಪು ನೋಡುವುದೆಂದರೆ ಅಂಗೈಗೆ ಎರಡು ಹನಿ ಬಿಟ್ಟುಕೊಂಡು, ಆಮೇಲೆ ಕೈ ತೊಳೆದು, ಸೌಟು ಮುಟ್ಟುವವಳು. ಪೋಸ್ಟಿನ ಲಕೋಟೆಯನ್ನೂ ನಾಲಿಗೆಗೆ ತಾಗಿಸಿದವಳಲ್ಲ.

ಮಧ್ಯಾಹ್ನ ಮಾವಿನ ಹಣ್ಣಿನ ರಸಾಯನ ಮಾಡಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷಗಳಾಗಿದ್ದವು, ಮಾತ್ರೆ ನುಂಗುತ್ತಿದ್ದಳು, ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರುತ್ತಿದ್ದಳು. ನನಗೂ ಮಗಳಿಗೂ ಬಟ್ಟಲು ತುಂಬ ಹಾಕಿ ತನಗೆ ಅರ್ಧ ಹಾಕಿಕೊಂಡಳು. ನಾನು ನೋಡುತ್ತಿದ್ದೇನೆಂದು ತಿಳಿದು, "ಮಾವು ವರ್ಷಕ್ಕೊಂದು ಸಲ ಬರುದು ಮಾರಾಯ್ರೆ, ಸಕ್ಕರೆ ದಿನಾ ಉಂಟು" ಎಂದಳು. ಸಂಜೆ ಇಬ್ಬರೂ ಸ್ಟೇಷನ್ನಿನ ಕಡೆ ನಡೆದು ಹೋಗಿ ಬಸಳೆ, ಒಂದು ಮೊಳ ಅಬ್ಬಲಿಗೆ ಹೂವು ತಂದೆವು. ಹೊಸ ಬಣ್ಣದ ಲೋಕಲ್ ಗಾಡಿಗಳು ಬಂದ ಹೊಸತು. ಸೇತುವೆಯ ಮೇಲೆ ನಿಂತು ಒಂದು ಗಾಡಿ ಹೋಗುವುದನ್ನು ನೋಡಿದಳು. ಕಾಲು ಸ್ವಲ್ಪ ಜೋಮು ಹಿಡಿದ ಹಾಗಿದೆ ಎಂದಳು. ಆ ದಿನದಲ್ಲಿ ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ. ಅಂಥ ದಿನ ಆಮೇಲೆ ಬರಲಿಲ್ಲವಾದ್ದರಿಂದ ಬರೆದಿಟ್ಟಿದ್ದೇನೆ.

ಮರುದಿನ ಕಲ್ಯಾಣದಲ್ಲಿ ಒಬ್ಬರಿಗೆ ಸೀರೆ ಕೊಡಲು ಹೊರಟವಳು ಅದೇ ಸೇತುವೆಯ ಮೆಟ್ಟಿಲ ಮೇಲೆ ಬಿದ್ದಳು. ಸೊಪ್ಪು ಮಾರುವ ಹೆಂಗಸೊಬ್ಬಳು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಚೀಲದ ಸೀರೆಗಳನ್ನು ಕಾಲಲ್ಲಿ ಒತ್ತಿ ಹಿಡಿದುಕೊಂಡು, ಅವಳ ಫೋನಿನಿಂದ ನನಗೆ ಫೋನು ಮಾಡಿಸಿದ್ದಳು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡರು. ಮಾತ್ರೆ ಇನ್ನು ಸಾಲದು, ಇನ್ಸುಲಿನ್ ಬೇಕು, ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ಸಕ್ಕರೆ ನೋಡಬೇಕು ಎಂದು ಹೇಳಿ ಕಳಿಸಿದರು. ಮನೆಗೆ ಗ್ಲೂಕೋಮೀಟರ್ ಬಂತು. ಅದರ ಜೊತೆ ಡಬ್ಬಿಯಲ್ಲಿ ಸ್ಟ್ರಿಪ್ಪುಗಳು, ಚುಚ್ಚುವ ಪೆನ್ನು.

ಬೆಳಗಿನ ಎರಡು ನನ್ನ ಪಾಲು, ಸಂಜೆಯ ಎರಡು ಮಗಳ ಪಾಲು. ಹೆಂಡತಿ ಮುಖವನ್ನು ದೇವರ ಗೂಡಿನ ಕಡೆ ತಿರುಗಿಸಿ, ಬೆರಳನ್ನು ಮಾತ್ರ ಇತ್ತ ಚಾಚುತ್ತಿದ್ದಳು, ಬೇರೆ ಯಾರದೋ ಬೆರಳನ್ನು ಸಾಲ ಕೊಟ್ಟ ಹಾಗೆ. ವರ್ಷಗಟ್ಟಲೆ ಸೂಜಿ ಒತ್ತಿ ಒತ್ತಿ ಆ ತುದಿಗಳು ಗಟ್ಟಿಯಾಗಿದ್ದವು. ರಕ್ತ ಬೇಗ ಬರುತ್ತಿರಲಿಲ್ಲ. ಹಿಂಡಬೇಕಾಗುತ್ತಿತ್ತು, ಹಿಂಡಿದರೆ ಮೀಟರು ತಪ್ಪು ಹೇಳುತ್ತದೆ ಎಂದು ಮತ್ತೊಂದು ಬೆರಳು. "ಸೀರೆಯ ಸೂಜಿ ಚುಚ್ಚಿದ್ರೆ ನನಗೆ ದುಡ್ಡು ಬರ್ತದೆ. ಇದು ಚುಚ್ಚಿದ್ರೆ ನಾನೇ ದುಡ್ಡು ಕೊಡ್ಬೇಕು. ಇದೆಂಥ ನ್ಯಾಯ ಹೇಳಿ" ಎಂದು ನಗುತ್ತಿದ್ದಳು. ನಗು ಕೆಲವು ತಿಂಗಳು ಇತ್ತು.

ಒಂದು ದಿನ ಕೆಳಗಿನ ಅಂಗಡಿಯವನು ಒಂದು ಪೈಠಣಿಯನ್ನು ಹಿಂದಕ್ಕೆ ಕಳಿಸಿದ. ಏನೂ ಹೇಳಿರಲಿಲ್ಲ, ಅಂಚನ್ನು ಮೇಲೆ ಮಾಡಿ ಮಡಚಿದ್ದ. ಅಲ್ಲಲ್ಲಿ ಹೊಲಿಗೆ ಕಾಣುತ್ತಿತ್ತು, ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಅವಳು ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿದಳು. ಮತ್ತೆ ಕಂಡಿತು. ನೊಂದ ಬೆರಳಿಗೆ ಒಂದು ಎಳೆಯೋ ಎರಡು ಎಳೆಯೋ ತಿಳಿಯುತ್ತಿರಲಿಲ್ಲ. ಸೀರೆಯನ್ನು ಪಕ್ಕಕ್ಕೆ ಸರಿಸಿ ಎರಡೂ ಕೈಗಳನ್ನು ಮಡಿಲಲ್ಲಿ ಅಂಗೈ ಮೇಲೆ ಮಾಡಿ ಇಟ್ಟುಕೊಂಡು ಕುಳಿತಳು. ನಮ್ಮ ಒಬ್ಬಳೇ ಮಗಳು ಆಗ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳು ಅದನ್ನು ನೋಡಿದಳು.

ಮಗಳು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ, ನವಿ ಮುಂಬಯಿಯ ಮಹಾಪೆಯಲ್ಲಿ ಕಾರ್ಖಾನೆಗಳ ನಡುವೆ ಇರುವ ಒಂದು ಸಂಶೋಧನೆಯ ಲ್ಯಾಬಿಗೆ ಪಿಎಚ್.ಡಿ. ಮಾಡಲು ಸೇರಿ ಸ್ವಲ್ಪ ಸಮಯವಾಗಿತ್ತು. ಯಾವ ವಿಷಯ ಹಿಡಿಯಬೇಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಮರುದಿನ ಅವಳು ತನ್ನ ಮೇಡಮ್ಮಿನ ಹತ್ತಿರ ಹೋಗಿ ಉಗುಳಿನಲ್ಲಿ ಸಕ್ಕರೆ ಕಂಡುಹಿಡಿಯುವ ಪಟ್ಟಿಯ ಕೆಲಸ ನನಗೆ ಕೊಡಿ ಎಂದು ಕೇಳಿ ಬಂದಳಂತೆ. ರಾತ್ರಿ ಊಟಕ್ಕೆ ಕುಳಿತಾಗ, ತನ್ನ ಎಂದಿನ ಮರಾಠಿ ಕಲಬೆರಕೆ ಭಾಷೆಯಲ್ಲಿ, ಚಿಂತೆ ಮಾಡಬೇಡವೆಂದು ಹೇಳಿದಳು: "ಅಮ್ಮ, ಟೆನ್ಶನ್ ನಕೋ ಘೇಉ. ನಿನ್ನ ಬೆರಳು ನಾನು ಬಿಡಿಸ್ತೇನೆ."

ನಾನು ಓದಿದ್ದು ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ತನಕ. ಮಗಳು ವಿವರಿಸಿದ್ದು ನನಗೆ ತಿಳಿದಷ್ಟು ಹೀಗಿದೆ. ಬೆರಳಿನ ರಕ್ತದ ಸ್ಟ್ರಿಪ್ಪಿನ ಒಳಗೂ ನಡೆಯುವುದು ವಿದ್ಯುತ್ತಿನ ಕೆಲಸವೇ. ಸಕ್ಕರೆಗೆ ಮಾತ್ರ ಸ್ಪಂದಿಸುವ ಒಂದು ಕಿಣ್ವವನ್ನು ಅದರ ಮೇಲೆ ಒಣಗಿಸಿ ಕೂರಿಸಿರುತ್ತಾರೆ. ರಕ್ತದ ಸಕ್ಕರೆ ಅದಕ್ಕೆ ತಾಗಿದಾಗ ಚೂರು ಕರೆಂಟು ಹುಟ್ಟುತ್ತದೆ, ಮೀಟರು ಆ ಕರೆಂಟನ್ನು ಅಳೆದು ಅಂಕಿಯಾಗಿ ತೋರಿಸುತ್ತದೆ. ಬಾಯಿಯ ನೀರಿನಲ್ಲೂ ಸಕ್ಕರೆ ಇದೆ, ಆದರೆ ಬಹಳ ಕಡಿಮೆ. ರಕ್ತದಲ್ಲಿ ಕೂಗಿ ಹೇಳುವುದನ್ನು ಉಗುಳಿನಲ್ಲಿ ಪಿಸುಗುಟ್ಟುತ್ತದೆ. ಆ ಪಿಸುಮಾತು ಕೇಳಬೇಕಾದರೆ ಪಟ್ಟಿಯ ಮೇಲೆ ಚಿನ್ನದ ಕಣಗಳನ್ನು ಹರಡಬೇಕು, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು, ನ್ಯಾನೋ ಎನ್ನುತ್ತಾರೆ. ಹಿಡಿಯಷ್ಟು ಅಕ್ಕಿಯನ್ನು ಹಿಟ್ಟು ಮಾಡಿ ಕಾವಲಿಯ ಮೇಲೆ ತೆಳ್ಳಗೆ ಎರೆದರೆ ಎಷ್ಟು ಅಗಲಕ್ಕೆ ಹರಡುತ್ತದೆ, ಹಾಗೆ ಚಿಟಿಕೆ ಚಿನ್ನ ದೊಡ್ಡ ಜಾಗವಾಗುತ್ತದಂತೆ. ದೋಸೆಯ ಈ ಹೋಲಿಕೆ ಅವಳು ನನಗಾಗಿ ಹುಡುಕಿದ್ದು.

ಒಮ್ಮೆ ನಮ್ಮಿಬ್ಬರನ್ನೂ ಲ್ಯಾಬಿಗೆ ಕರೆದುಕೊಂಡು ಹೋದಳು. ಶಿಳ್‌ಫಾಟಾ ರಸ್ತೆಯ ಬಸ್ಸು ಹಿಡಿದು ಹೋದೆವು. ಗಾಜಿನ ಕಪಾಟಿನಿಂದ ಒಂದು ಸೀಸೆ ತೆಗೆದು ತೋರಿಸಿದಳು. ಒಳಗೆ ಕೆಂಪು ನೀರು, ನಮ್ಮ ಹೋಟೆಲಿನಲ್ಲಿ ಬೇಸಿಗೆಯಲ್ಲಿ ಕೊಡುವ ಪುನರ್ಪುಳಿ ಶರಬತ್ತಿನ ಬಣ್ಣ. ಇದೇ ಚಿನ್ನ ಎಂದಳು. ಅಷ್ಟು ಸಣ್ಣದಾದಾಗ ಅದು ಹಳದಿಯಾಗಿ ಕಾಣುವುದಿಲ್ಲವಂತೆ. ನನ್ನ ಹೆಂಡತಿ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಕಿವಿಯ ಬೆಂಡೋಲೆ ಮುಟ್ಟಿಕೊಂಡು, "ಇದನ್ನು ನಿನ್ನ ಕೈಗೆ ಕೊಡ್ಲಿಕ್ಕಿಲ್ಲ ಹಾಗಾದ್ರೆ. ಮದುವೆಗೆ ಇಟ್ಟದ್ದನ್ನೆಲ್ಲ ಶರಬತ್ತು ಮಾಡ್ತಿ" ಎಂದಳು. ಮೇಜಿನ ಮೇಲೆ ಮಗಳು ಕೈಯಾರೆ ಮಾಡಿದ ಪಟ್ಟಿಗಳು ಸಾಲಾಗಿ ಒಣಗುತ್ತಿದ್ದವು, ಉಗುರಿನಷ್ಟು ಅಗಲ, ತುದಿಯಲ್ಲಿ ಮೂರು ಕಪ್ಪು ಗೆರೆ. ಹೆಂಡತಿ ಅವನ್ನು ಮುಟ್ಟಲಿಲ್ಲ. ಬಗ್ಗಿ ನೋಡಿ, ಗೆರೆ ನೇರ ಬಂದಿದೆ ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಹೊರಗಿನವರ ಸ್ಯಾಂಪಲ್ಲು ತೆಗೆದುಕೊಳ್ಳಲು ನಿಯಮಗಳಿದ್ದವು, ಅನುಮತಿ ಬರಬೇಕಿತ್ತು. ಅಷ್ಟರವರೆಗೆ ಕೈ ಪಳಗಿಸಿಕೊಳ್ಳಲು ಅಮ್ಮನ ಉಗುಳು ಸಾಕು, ಇದನ್ನು ಎಲ್ಲೂ ಬರೆಯುವುದಿಲ್ಲ, ಬರೀ ಅಭ್ಯಾಸಕ್ಕೆ ಎಂದು ಮಗಳು ಕೇಳಿದಳು. ಅಮ್ಮ ಒಪ್ಪಲು ಒಂದು ವಾರ ಹಿಡಿಯಿತು. ರಕ್ತ ಕೊಡುವುದಕ್ಕೆ ಅವಳಿಗೆ ಬೇಸರವಿರಲಿಲ್ಲ. ಎಂಜಲನ್ನು ಸೀಸೆಯಲ್ಲಿ ತುಂಬಿ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಕೈಗೆ ಕೊಡುವುದು, ಅದನ್ನು ಅವಳು ಹೊತ್ತುಕೊಂಡು ಊರೆಲ್ಲ ತಿರುಗುವುದು, ಇದು ಅವಳಿಗೆ ಹಿಡಿಸಲಿಲ್ಲ. ಕೊನೆಗೆ ಒಪ್ಪಿದ್ದು ಮಗಳ ಮುಖ ನೋಡಿ.

ಆಮೇಲೆ ಫ್ರಿಜ್ಜಿನ ತಕರಾರು. ಬೆಳಗಿನ ಜಾವದ ಸ್ಯಾಂಪಲ್ಲನ್ನು ತಣ್ಣಗೆ ಇಡಬೇಕು. ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆ ಇಡುವ ಗುಳಿಗಳಿದ್ದವು, ಅಲ್ಲಿ ನಾವು ಲಿಂಬೆ ಹಣ್ಣು ಇಡುತ್ತಿದ್ದೆವು. ಮಗಳ ಸಣ್ಣ ಸೀಸೆಗಳು ಅಳತೆ ತೆಗೆದ ಹಾಗೆ ಆ ಗುಳಿಗಳಲ್ಲಿ ಕೂತವು. ಮೊಸರಿನ ಪಾತ್ರೆಯ ಪಕ್ಕದಲ್ಲಿ ಎಂಜಲು ನೋಡಿ ಹೆಂಡತಿ ಆ ದಿನದ ಮೊಸರನ್ನೇ ಚೆಲ್ಲಿದಳು. ಎರಡು ದಿನ ಅಮ್ಮ ಮಗಳ ನಡುವೆ ಮಾತು ಕಡಿಮೆಯಾಯಿತು. ಆಮೇಲೆ ಹೆಂಡತಿಯೇ ಒಂದು ದಾರಿ ಹುಡುಕಿದಳು: ಸೀಸೆಗಳು ಒಂದು ಸ್ಟೀಲಿನ ಡಬ್ಬಿಯಲ್ಲಿ, ಡಬ್ಬಿ ಫ್ರೀಜರಿನಲ್ಲಿ. ಫ್ರೀಜರಿನಲ್ಲಿ ಐಸ್ ಬಿಟ್ಟು ಬೇರೇನೂ ಇರುವುದಿಲ್ಲ. ಅಂದಿನಿಂದ ಆ ಐಸನ್ನು ಅವಳು ಮುಟ್ಟಲಿಲ್ಲ.

ಮಗಳು ಸೀಸೆಗಳನ್ನು ಐಸಿನ ಥರ್ಮಾಸಿನಲ್ಲಿಟ್ಟು, ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿಯ ಕಡೆ ಹೋಗುತ್ತಿದ್ದಳು. ಹೆಂಗಸರ ಡಬ್ಬಿಯ ಗೆಳತಿಯರು ಥರ್ಮಾಸು ನೋಡಿ ಕುಲ್ಫಿಯಾ ಎಂದು ಕೇಳಿದರಂತೆ. ಅಮ್ಮ ಕೊಟ್ಟಿದ್ದು ಎಂದಳಂತೆ ಇವಳು. ಮುಚ್ಚಳ ತೆಗೆ, ರುಚಿ ನೋಡೋಣ ಎಂದು ಒಬ್ಬಳು ಕೈ ಹಾಕಿಯೇಬಿಟ್ಟಳಂತೆ. ಈ ಕಥೆ ಕೇಳಿ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಥರ್ಮಾಸಿಗೆ ಒಂದು ಬಟ್ಟೆಯ ಚೀಲ ಹೊಲಿದು ಕೊಟ್ಟಳು, ಬಾಯಿಗೆ ದಾರ ಕಟ್ಟುವ ಹಾಗೆ.

ಆದರೆ ಪಟ್ಟಿ ಮಾತಾಡಲಿಲ್ಲ. ಮೀಟರು ಹೆಚ್ಚು ತೋರಿಸಿದ ಬೆಳಗ್ಗೆಯೂ ಉಗುಳಿನ ಪಟ್ಟಿಯಲ್ಲಿ ಕರೆಂಟು ಹೆಚ್ಚುತ್ತಿರಲಿಲ್ಲ. ಲ್ಯಾಬಿನಲ್ಲಿ ಸಕ್ಕರೆ ಬೆರೆಸಿ ಮಾಡಿದ ನೀರಿಗೆ ಸರಿಯಾಗಿ ಹೇಳುತ್ತಿದ್ದ ಪಟ್ಟಿ ಅಮ್ಮನ ಬಾಯಿಯ ನೀರಿಗೆ ಮೂಕವಾಗುತ್ತಿತ್ತು. ಮಗಳು ಚಿನ್ನ ಬದಲಿಸಿದಳು, ಕಾರ್ಬನ್ನಿನ ಸಣ್ಣ ಕೊಳವೆಗಳನ್ನು ಬೆರೆಸಿ ನೋಡಿದಳು, ಕಿಣ್ವ ಬದಲಿಸಿದಳು. ಮಳೆಗಾಲ ಬಂತು. ಮನೆಗೆ ಬಂದರೆ ಮಾತಿಲ್ಲ, ತಟ್ಟೆಯಲ್ಲಿ ಅನ್ನ ಕಲಸಿ ಹಾಗೇ ಬಿಡುವುದು. ವಿಷಯ ಬದಲಿಸಲು ಮೇಡಂ ಹೇಳುತ್ತಿದ್ದಾರೆ ಎಂದು ಒಂದು ದಿನ ನನಗೆ ಹೇಳಿದಳು. ಅಮ್ಮನಿಗೆ ಹೇಳಿರಲಿಲ್ಲ. ಅಮ್ಮ ಬೆಳಗ್ಗೆ ಏಳುತ್ತಿದ್ದಳು, ಸೀಸೆ ತುಂಬಿ ಡಬ್ಬಿಯಲ್ಲಿಟ್ಟು, ಬೆರಳನ್ನು ನನ್ನ ಮುಂದೆ ಚಾಚಿ, ದೇವರ ಕಡೆ ಮುಖ ಮಾಡುತ್ತಿದ್ದಳು. "ಇನ್ನೆಷ್ಟು ದಿನ ಇದು, ಮಗಳು ಬಿಡಿಸ್ತಾಳೆ" ಎನ್ನುತ್ತಿದ್ದಳು.

ಹಳಿಗಳ ಮೇಲೆ ನೀರು ನಿಂತು ಗಾಡಿಗಳು ಓಡದ ಒಂದು ಬೆಳಗ್ಗೆ ನಾವು ಮೂವರೂ ಮನೆಯಲ್ಲೇ ಇದ್ದೆವು. ಮಗಳು ಎಂದೂ ಆ ಹೊತ್ತಿಗೆ ಅಡುಗೆಮನೆಯಲ್ಲಿ ಇರುತ್ತಿರಲಿಲ್ಲ, ಓಡುವ ಗಡಿಬಿಡಿಯಲ್ಲಿ ಡಬ್ಬಿ ಎತ್ತಿಕೊಂಡು ಹೊರಡುವವಳು. ಅಂದು ಚಹಾ ಹಿಡಿದುಕೊಂಡು ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಮೊದಲೇ ಹೇಳಿಕೊಟ್ಟಿದ್ದ ಕ್ರಮ ಇದು: ಬಾಯಿ ಮುಕ್ಕಳಿಸಬೇಕು, ಹತ್ತು ನಿಮಿಷ ಏನೂ ತಿನ್ನದೆ ಕುಡಿಯದೆ ಮಾತಾಡದೆ ಕುಳಿತಿರಬೇಕು, ಆಮೇಲೆ ಸೀಸೆಗೆ ಬಿಡಬೇಕು. ಅಮ್ಮ ಮುಕ್ಕಳಿಸಿದಳು. ಮಣೆಯ ಮೇಲೆ ಕೈ ಕಟ್ಟಿ ಕುಳಿತಳು, ಗಡಿಯಾರ ನೋಡಿದಳು. ಹೊತ್ತಾದ ಮೇಲೆ ಎದ್ದು, ನಲ್ಲಿಯ ಹತ್ತಿರ ಹೋಗಿ, ಮತ್ತೆ ಎರಡು ಸಲ ಗಳಗಳ ಮುಕ್ಕಳಿಸಿ ಉಗುಳಿ, ಆಮೇಲೆ ಸೀಸೆಯನ್ನು ಬಾಯಿಯ ಹತ್ತಿರ ತಂದಳು.

ಚಹಾದ ಲೋಟ ಕೆಳಗಿಟ್ಟ ಸದ್ದು ಕೇಳಿ ನಾನು ಹಾಲಿನಿಂದ ಬಂದೆ.

"ಅಮ್ಮ, ತೂ ಪರತ್ ಚೂಳ್ ಭರ್ಲೀಸ್?" ಮತ್ತೆ ಮುಕ್ಕಳಿಸಿದೆಯಾ ಎಂದು ಕೇಳಿದಳು ಮಗಳು. ಗಾಬರಿಯಾದರೆ ಅವಳಿಗೆ ಬರುವುದು ಮರಾಠಿ.

"ಬಾಯಿ ಮುಕ್ಕಳಿಸಿದೆ, ಅಷ್ಟೆ. ಅಷ್ಟು ಹೊತ್ತು ಮುಚ್ಚಿಕೊಂಡು ಕೂತ ಬಾಯಿ, ವಾಸನೆ ಬರುದಿಲ್ಲವಾ?"

"ದಿನಾ ಮಾಡ್ತಿಯಾ?"

"ಮತ್ತೆ? ವಿದ್ಯೆಯ ಜಾಗಕ್ಕೆ ಕೊಂಡುಹೋಗುದು ಅದು. ಮಗಳ ಕೈಗೆ ಎಂಜಲು ಕೊಡ್ಲಿಕ್ಕಾಗ್ತದಾ?"

"ಎಂಜಲೇ ಬೇಕಮ್ಮಾ" ಎಂದಳು ಮಗಳು, "ನನಗೆ ಬೇಕಾದ್ದೇ ಅದು."

ಅವಳು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. ಇಷ್ಟು ತಿಂಗಳು ಥರ್ಮಾಸಿನಲ್ಲಿ ಹೊತ್ತುಕೊಂಡು ಹೋಗಿದ್ದು ಬಹುಪಾಲು ನಲ್ಲಿಯ ನೀರು. ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು, ಮತ್ತೆ ನಕ್ಕಳು. ಅಮ್ಮ ಸೀಸೆ ಹಿಡಿದುಕೊಂಡು ನಿಂತಿದ್ದಳು. ಮೊದಲನೆಯ ಸಲ ಮುಕ್ಕಳಿಸುವುದು ಮಗಳು ಹೇಳಿದ್ದು, ಎರಡನೆಯದು ತನ್ನ ಮರ್ಯಾದೆ, ಅದನ್ನು ಹೇಳಿಕೊಳ್ಳುವುದೇನಿದೆ ಎಂದು ಅವಳು ತಿಳಿದಿದ್ದಳು. ದೇವರ ಮುಂದೆ ಹೋಗುವಾಗ ಕೈ ತೊಳೆದೆನೆಂದು ಯಾರು ಸಾರುತ್ತಾರೆ. "ನಿಮ್ಮ ಕಾಲೇಜಿನಲ್ಲಿ ಬೇರೆ ಎಲ್ಲ ಕಲಿಸಿದ್ರು. ಎಂಜಲು ಎಂಜಲಾಗಿಯೇ ಬೇಕು ಅಂತ ಒಂದು ಮಾತು ಹೇಳ್ಬಾರ್ದಾ?" ಎಂದು ಕೇಳಿ, ಆಮೇಲೆ ತಾನೂ ಪಕ್ಕದಲ್ಲಿ ಕುಳಿತು ಮಗಳ ಕಣ್ಣನ್ನು ಸೆರಗಿನಿಂದ ಒರೆಸಿದಳು.

ಮರುದಿನದಿಂದ ಅವಳು ಒಂದೇ ಸಲ ಮುಕ್ಕಳಿಸಿದಳು. ಸೀಸೆ ಕೊಡುವಾಗ ಮುಖ ಆಚೆ ತಿರುಗಿಸುತ್ತಿದ್ದಳು, ಬೆರಳು ಕೊಡುವಾಗ ಮಾಡಿದ ಹಾಗೆಯೇ.

ಅದೇ ವರ್ಷ ದೀಪಾವಳಿಯ ಹೊತ್ತಿಗೆ ಮಗಳು ಮೇಡಮ್ಮಿನ ಅಪ್ಪಣೆ ಪಡೆದು ಕರೆಂಟು ಅಳೆಯುವ ಸಣ್ಣ ಯಂತ್ರವನ್ನು ಮನೆಗೆ ತಂದಳು. ಭಾನುವಾರ ನನ್ನ ಹೋಟೆಲಿಗೆ ಅರ್ಧ ದಿನ ರಜೆ ಹೇಳಿ ಬಂದಿದ್ದೆ. ಊಟದ ಮೇಜಿನ ಮೇಲೆ ಕಂಪ್ಯೂಟರು, ಅದಕ್ಕೆ ವಯರು, ವಯರಿನ ತುದಿಯಲ್ಲಿ ಪಟ್ಟಿ. ಬರೀ ಹೊಟ್ಟೆಯಲ್ಲಿ ಒಮ್ಮೆ ನೋಡಿದೆವು. ಇಡ್ಲಿ ತಿಂದು, ಬಾಯಿ ತೊಳೆದು, ಒಂದೂವರೆ ಗಂಟೆ ಕಳೆದ ಮೇಲೆ ಇನ್ನೊಮ್ಮೆ ನೋಡಿದೆವು. ಪ್ರತಿ ಸಲ ಬೆರಳಿನದೂ ಉಗುಳಿನದೂ. ತೆರೆಯ ಮೇಲೆ ಗೆರೆ ಏಳುವುದನ್ನು ನಾನು ನೋಡಿದೆ. ಬೆರಳಿನ ಸಕ್ಕರೆ ಏರಿದಾಗ ಅದೂ ಏರಿತು. ಮಧ್ಯಾಹ್ನ ಇನ್ಸುಲಿನ್ ತೆಗೆದುಕೊಂಡ ಮೇಲೆ ಬೆರಳಿನದು ಇಳಿಯಿತು, ಇದೂ ಸ್ವಲ್ಪ ತಡವಾಗಿ ಇಳಿಯಿತು. ನನ್ನ ಹೆಂಡತಿ ಎದ್ದು ಹೋಗಿ ದೇವರ ಮುಂದೆ ದೀಪಕ್ಕೆ ಎಣ್ಣೆ ಹಾಕಿ ಬಂದಳು.

"ಇನ್ನು ಬೆರಳು ಬಿಡ್ಬಹುದಾ?" ಎಂದು ಕೇಳಿದಳು.

ಮಗಳು ಅವಳ ಕೈ ಹಿಡಿದುಕೊಂಡು ಹೇಳಿದಳು. ಇದು ಒಂದು ಬಾಯಿಯ ಮಾತು. ಇನ್ನೂ ಎಷ್ಟೋ ಬಾಯಿಗಳನ್ನು ಕೇಳಬೇಕು. ಒಬ್ಬರು ಎಲೆಯಡಿಕೆ ಹಾಕುತ್ತಾರೆ, ಒಬ್ಬರ ವಸಡಿನಲ್ಲಿ ರಕ್ತ, ಒಬ್ಬರ ಬಾಯಿ ಒಣಗಿರುತ್ತದೆ, ಎಲ್ಲರಲ್ಲೂ ಹೀಗೇ ಏರಿ ಇಳಿಯುತ್ತದೆಂದು ಹೇಳಲಾಗದು. ಇನ್ಸುಲಿನ್ ಎಷ್ಟು ಎಂದು ಇದನ್ನು ನಂಬಿ ತೀರ್ಮಾನಿಸಿದರೆ ಜೀವಕ್ಕೆ ಅಪಾಯ. ಅಲ್ಲಿಯ ತನಕ ಬೆರಳೇ.

"ನನ್ನದೊಂದು ಬಾಯಿ ಸಾಕಾಗುದಿಲ್ಲವಾ" ಎಂದಳು ಅವಳು, ತಮಾಷೆಗೆ ಎಂಬಂತೆ. ಕೈಯನ್ನು ಬಿಡಿಸಿಕೊಳ್ಳಲಿಲ್ಲ.

ಸುಮ್ಮನೆ ಕೂರುವವಳಲ್ಲ. ಲ್ಯಾಬಿಗೆ ಅನುಮತಿ ಬಂದು, ಸಾನಪಾಡಾದ ಒಂದು ಸಭಾಭವನದಲ್ಲಿ ಶಿಬಿರ ಮಾಡಿ ಜನರಿಂದ ಸ್ಯಾಂಪಲ್ಲು ತೆಗೆದುಕೊಳ್ಳುವುದೆಂದು ಆದಾಗ, ನಮ್ಮ ಕಡೆಯ ಭಜನಾ ಮಂಡಳಿಯ ಹೆಂಗಸರನ್ನೆಲ್ಲ ಅವಳೇ ಹೊರಡಿಸಿದಳು. ಅವರೂ ಅವಳ ಹಾಗೆಯೇ, ಉಗುಳುವುದೆಂದರೆ ನಾಚಿಕೆ. ಶಿಬಿರದ ಹುಡುಗಿಯರು ಮರಾಠಿಯಲ್ಲಿ ಹಿಂದಿಯಲ್ಲಿ ಹೇಳಿದ್ದು ಸಾಲದೆಂದು ಇವಳು ಸಾಲಿನ ತುದಿಯಲ್ಲಿ ನಿಂತು ಒಬ್ಬೊಬ್ಬರಿಗೂ ತುಳುವಿನಲ್ಲಿ, ಕನ್ನಡದಲ್ಲಿ ಹೇಳುತ್ತಿದ್ದಳಂತೆ: ಒಂದೇ ಸಲ ಮುಕ್ಕಳಿಸಿ, ಆಮೇಲೆ ನಲ್ಲಿಯ ಹತ್ತಿರ ಹೋಗಬೇಡಿ, ಮಡಿ ಮನೆಗೆ ಹೋದ ಮೇಲೆ ಮಾಡಿಕೊಳ್ಳಿ. ಅಲ್ಲಿದ್ದವರು ಅವಳನ್ನು ಲ್ಯಾಬಿನವಳೆಂದೇ ತಿಳಿದಿದ್ದರಂತೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಈ ಮಾತು ನನಗೆ ಹೇಳಿದಳು.

ಆಮೇಲಿನದು ಬೇಗ ಬೇಗ ಆಯಿತು. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು. ದಿನ ಬಿಟ್ಟು ದಿನ ಡಯಾಲಿಸಿಸ್. ಹೊಲಿಗೆ ತಾನಾಗಿ ನಿಂತಿತು. ಹಿತ್ತಾಳೆಯ ಬಟ್ಟಲು ಕಿಟಕಿಯ ಹತ್ತಿರ ಹೋಯಿತು. ಡಯಾಲಿಸಿಸ್ ಆಗುವವರಿಗೆ ನೀರು ಅಳತೆಯಲ್ಲಿ. ದಿನಕ್ಕೆ ಇಷ್ಟೇ ಎಂದು ಒಂದು ಬಾಟಲಿಯಲ್ಲಿ ತುಂಬಿಡುತ್ತಿದ್ದೆವು. ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು. ಐಸಿನ ಚೂರು ಚೀಪಿದರೆ ಬಾಯಾರಿಕೆ ತಡೆಯುತ್ತದೆ ಎಂದು ಅಲ್ಲಿಯ ಸಿಸ್ಟರು ಹೇಳಿಕೊಟ್ಟರು. ಮನೆಗೆ ಬಂದು ನಾನು ಫ್ರೀಜರಿನ ಬಾಗಿಲು ತೆಗೆದು ನಿಂತೆ. ಸ್ಟೀಲಿನ ಡಬ್ಬಿ ಅಲ್ಲೇ ಇತ್ತು, ಪಕ್ಕದಲ್ಲಿ ಐಸಿನ ತಟ್ಟೆ. ಕೆಳಗಿನ ಅಂಗಡಿಯಿಂದ ತರಲೇ ಎಂದು ಕೇಳಿದೆ. ಅವಳು ಮಂಚದಿಂದಲೇ, "ಅದು ನನ್ನದೇ ಎಂಜಲಲ್ಲವಾ ಮಾರಾಯ್ರೆ. ನನಗೆ ನನ್ನದೇನು ಮೈಲಿಗೆ? ಕೊಡಿ" ಎಂದಳು. ಕೈ ಚಾಚಿದಳು. ನಾನು ಒಂದು ಚೂರನ್ನು ಅವಳ ಬಾಯಿಗೆ ಹಾಕಿದೆ. ಅವಳ ಬಾಯಿಗೆ ನಾನು ಕೈಯಾರೆ ಏನಾದರೂ ಹಾಕಿದ್ದು ಮದುವೆಯ ದಿನ ಬಿಟ್ಟರೆ ಅದೇ ಮೊದಲು. ಆಮೇಲೆ ಅದು ನನ್ನ ದಿನದ ಕೆಲಸವಾಯಿತು.

ಮಗಳು ಸ್ಯಾಂಪಲ್ಲು ಕೇಳುವುದನ್ನು ನಿಲ್ಲಿಸಿದ್ದಳು. ಉಗುಳೇ ಇಲ್ಲದ ಬಾಯಿಯಿಂದ ಕೇಳುವುದು ಹೇಗೆ. ಬೆರಳು ಚುಚ್ಚುವುದು ಮಾತ್ರ ನಡೆದಿತ್ತು. ಒಂದು ಬೆಳಗ್ಗೆ ಅವಳೇ ಮಗಳನ್ನು ಕರೆದು ಸೀಸೆ ತಾ ಎಂದಳು. ಬೇಡಮ್ಮ ಎಂದರೂ ಕೇಳಲಿಲ್ಲ. ಮಂಚದ ಮೇಲೆ ಗೋಡೆಗೆ ಒರಗಿ ಕುಳಿತು, ಬಾಯಿ ಮುಚ್ಚಿ, ಬಹಳ ಹೊತ್ತು ಕಾದಳು. ಅಂದು ಅವಳ ಮುಖ ದೇವರ ಕಡೆ ತಿರುಗಿರಲಿಲ್ಲ. ಮಗಳ ಕಡೆಗೇ ಇತ್ತು. ಸೀಸೆಯ ತಳ ತೇವವಾಗುವಷ್ಟು ಬಂತು.

"ಇವತ್ತು ಮುಕ್ಕಳಿಸಲೇ ಇಲ್ಲ" ಎಂದಳು. "ಆ ನೀರನ್ನು ಕುಡಿದುಬಿಟ್ಟೆ. ಹಾಗೇ ಕೊಟ್ಟಿದ್ದೇನೆ, ಬರೀ ಎಂಜಲು. ಬೇಜಾರು ಮಾಡ್ಬೇಡ ಮಗಾ."

ಮಗಳು ಮುಚ್ಚಳ ತಿರುಗಿಸಿ, ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಫ್ರೀಜರಿನಲ್ಲಿಟ್ಟಳು. ಅದನ್ನು ಲ್ಯಾಬಿಗೆ ಕೊಂಡುಹೋಗುವ ಮೊದಲೇ ಅಮ್ಮನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿಂದ ಅವಳು ಹಿಂತಿರುಗ‌ಲಿಲ್ಲ. ಕೊನೆಗೆ ತುಳಸಿಯ ನೀರನ್ನು ಬಾಯಿಗೆ ಬಿಟ್ಟವಳು ಮಗಳು. ಅಳತೆಯ ಬಾಟಲಿಯ ಹಂಗಿಲ್ಲದೆ ಕೊಟ್ಟ ನೀರು ಅದೊಂದೇ.

ಸೂತಕ ಕಳೆದ ಮೇಲೆ ಮನೆ ತೊಳೆದೆವು. ಭಟ್ಟರು ಹೇಳಿದ ಹಾಗೆ ಹಳೆಯ ಉಪ್ಪಿನಕಾಯಿಯಿಂದ ಹಿಡಿದು ಎಲ್ಲ ಚೆಲ್ಲಿದೆವು. ನಾದಿನಿಯರು ಬಂದು ಫ್ರಿಜ್ಜನ್ನು ಒರೆಸಿದರು. ಫ್ರೀಜರಿನ ಡಬ್ಬಿ ಏನೆಂದು ಒಬ್ಬಳು ಕೇಳಿದಳು. ಮಗಳ ಓದಿನದು, ಇರಲಿ ಎಂದೆ. ಶುಕ್ರವಾರಗಳಂದು ನಮ್ಮಲ್ಲಿ ಕರೆಂಟು ಹೋಗುವುದುಂಟು. ಆಗ ಅದು ಕರಗುತ್ತದೆ, ಸಂಜೆ ಮತ್ತೆ ಗಟ್ಟಿಯಾಗುತ್ತದೆ. ಒಮ್ಮೆ ನಾನು ಅದನ್ನು ಪರೀಕ್ಷೆ ಮಾಡಬಾರದೇ ಎಂದು ಮಗಳನ್ನು ಕೇಳಿದೆ. ಇಷ್ಟು ಸಲ ಕರಗಿದ ಮೇಲೆ ಅದರಲ್ಲಿ ಓದಲು ಏನೂ ಉಳಿದಿರುವುದಿಲ್ಲ, ಅದು ಈಗ ಸ್ಯಾಂಪಲ್ಲು ಅಲ್ಲ ಅಪ್ಪ ಎಂದಳು. ಆದರೆ ಅವಳೂ ಅದನ್ನು ತೆಗೆದು ಎಸೆಯಲಿಲ್ಲ. ಎಂಜಲು ಎಂದು ಮೊಸರು ಚೆಲ್ಲಿದವಳ ಮನೆಯಲ್ಲಿ ಅವಳದೆಂದು ಉಳಿದ ಒಂದೇ ಹನಿ ಅದು.

ಮಗಳಿಗೆ ಪದವಿ ಸಿಕ್ಕಿತು. ಈಗ ಅವಳು ಠಾಣೆಯಲ್ಲೇ ಸಂಸಾರ ಮಾಡಿಕೊಂಡು, ಅದೇ ಕೆಲಸ ಮುಂದುವರಿಸಿದ್ದಾಳೆ. ಪಟ್ಟಿ ಮೊದಲಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತದಂತೆ, ಆದರೆ ಎಲ್ಲ ಬಾಯಿಗಳ ಮಾತನ್ನೂ ಒಂದೇ ಥರ ತಿಳಿಯಲು ಇನ್ನೂ ಬರುವುದಿಲ್ಲವಂತೆ. ಕಿಣ್ವ ಬೇಗ ಕೆಡುತ್ತದಂತೆ. ಈಚೆಗೆ ನನಗೂ ಸಕ್ಕರೆ ಬಂದಿದೆ. ಹೆಂಡತಿಯ ಮೀಟರನ್ನೇ ಇಟ್ಟುಕೊಂಡಿದ್ದೇನೆ. ತಿಂಗಳಿಗೊಮ್ಮೆ ಕೆಳಗಿನ ಮೆಡಿಕಲ್ಲಿಗೆ ಸ್ಟ್ರಿಪ್ಪು ತರಲು ಹೋದಾಗ, ಉಗುಳಿನದು ಬಂತಾ ಎಂದು ಕೇಳುತ್ತೇನೆ. ಅಂಗಡಿಯವನಿಗೆ ನನ್ನ ಪ್ರಶ್ನೆ ಅಭ್ಯಾಸವಾಗಿದೆ. "ಅಜೂನ್ ನಾಹೀ ಕಾಕಾ" ಎನ್ನುತ್ತಾನೆ, ಇನ್ನೂ ಇಲ್ಲ.

ಬೆಳಗ್ಗೆ ಎದ್ದು ನನ್ನ ಬೆರಳನ್ನು ನಾನೇ ಚುಚ್ಚಿಕೊಳ್ಳುತ್ತೇನೆ. ನನ್ನ ಬೆರಳು ಮೆತ್ತಗಿದೆ, ರಕ್ತ ಸುಲಭವಾಗಿ ಬರುತ್ತದೆ. ಮುಖ ಎತ್ತ ತಿರುಗಿಸಬೇಕೆಂದು ತಿಳಿಯದೆ ಬೆರಳನ್ನೇ ನೋಡುತ್ತೇನೆ. ಬೆರಳು ಬಿಡಿಸುವ ಪಟ್ಟಿ ಇನ್ನೂ ಬಂದಿಲ್ಲ. ಯಾರ ಬೆರಳು ಬಿಡಿಸಬೇಕೆಂದು ಅದು ಶುರುವಾಯಿತೋ ಅವಳೂ ಇಲ್ಲ.